ತುಂಡು ಮಾಡಿ ನೋಡುವ ಮೇಷ್ಟ್ರು

ನಮ್ಮ ಮಹಡಿ ಮನೆಯ ಲೆಕ್ಕದ ಮೇಷ್ಟ್ರಿಗೆ ಇಡೀ ಜಗತ್ತೇ ತ್ರಿಕೋನಗಳ ರಾಶಿ. ಸೇತುವೆಯಾಗಲಿ ಮೂಳೆಯಾಗಲಿ, ಕಂಪ್ಯೂಟರಿನಲ್ಲೇ ಸಣ್ಣ ಸಣ್ಣ ತ್ರಿಕೋನದ ತುಂಡಾಗಿಸಿ ಎಲ್ಲಿ ಎಷ್ಟು ಭಾರ ಬೀಳುತ್ತದೆಂದು ಹೇಳುವ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಪುಕ್ಕಟೆ ಬಿಟ್ಟಿದ್ದಾರೆ. ನಾವು ಕುರ್ಚಿ ಕೊಟ್ಟರೆ ಕೂರುವ ಮೊದಲು ಬಗ್ಗಿ ಅದರ ಕಾಲಿನ ಸಂದು ನೋಡುತ್ತಾರೆ. ಗುರುತು ಪರಿಚಯವಿಲ್ಲದವರು ‘ನಿಮ್ಮದ್ರಲ್ಲಿ ಉತ್ತರ ತಪ್ಪು ಬರ್ತಿದೆ’ ಎಂದು ಬೈದು ಬರೆದರೂ ಅವರದು ಒಂದೇ ಮಂತ್ರ: ‘ಇನ್ನೂ ಸಣ್ಣದಾಗಿ ತುಂಡು ಮಾಡಿ ನೋಡಿ ಸ್ವಾಮಿ, ಭಯ ಬೇಡ.’ ಮೇಷ್ಟ್ರ ಹೆಂಡತಿಯ ಸೊಂಟಕ್ಕೆ ಕೂರಿಸಿದ ಕೃತಕ ಕೀಲನ್ನು ಇವರ ಸಾಫ್ಟ್‌ವೇರಿನಲ್ಲೇ ಪರೀಕ್ಷಿಸಿದ್ದೆಂದು ಗೊತ್ತಾದಾಗ ನಾವೆಲ್ಲ ಹಿಗ್ಗಿದೆವು, ಮೇಷ್ಟ್ರು ಬೆವೆತರು. ಇವತ್ತಿಗೂ ಆಕೆ ಮೆಟ್ಟಿಲು ಹತ್ತುವಾಗ ಎರಡೂ ಕೈ ಚಾಚಿಕೊಂಡು ಹಿಂದೆಯೇ ಬರುತ್ತಾರೆ. ಆಕೆ ತಿರುಗಿಯೂ ನೋಡದೆ ನಗುತ್ತಾರೆ: ‘ಕೈ ಇಳಿಸ್ರೀ, ನಿಮ್ಮ ಲೆಕ್ಕದ ಮೇಲೇ ನಿಂತಿದೀನಿ.’