ಜೋರಲೆ ಓದ್ರಿ

ಕೊಂಡಾಪುರದ ಸಾಫ್ಟ್‌ವೇರ್ ಕಚೇರಿಯಲ್ಲಿ ವಾರವಿಡೀ ಇಂಗ್ಲಿಷ್ ಮಾತಾಡಿ ಬೇಸರವಾದಾಗ ಭಾನುವಾರ ಬಸ್ಸು ಹಿಡಿದು ಊರಿನ ಹಳೆಯ ಪೇಟೆ ಕೋಠಿಗೆ ಹೋಗುತ್ತಿದ್ದೆ. ಅಲ್ಲಿ ರಾಯಚೂರು ಕಡೆಯ ಮುದುಕರೊಬ್ಬರು ಹಳೆಯ ಪುಸ್ತಕ ಮಾರುತ್ತಿದ್ದರು. ಕನ್ನಡ ಪುಸ್ತಕ ಕೈಗೆತ್ತಿಕೊಂಡವರಿಗೆಲ್ಲ ಅವರದು ಒಂದೇ ಮಾತು: “ಜೋರಲೆ ಓದ್ರಿ.” ಓದಿದರೆ ಕಣ್ಣು ಮುಚ್ಚಿ, ಬೆರಳಿನಿಂದ ಮೊಣಕಾಲು ತಟ್ಟುತ್ತ ಕೇಳುತ್ತಿದ್ದರು. ನನ್ನ ಉಚ್ಚಾರ ಪರೀಕ್ಷಿಸುತ್ತಾರೆಂದು ನನಗೆ ಒಳಗೊಳಗೇ ಸಿಟ್ಟು.

ಒಂದು ದಿನ ನಿಘಂಟು ತೆರೆದು ‘ಸಾಕ್ಷಾತ್ಕಾರ’ ಹುಡುಕಿದೆ. ಎಂದಿನಂತೆ ಓದಿಸಿದರು. ‘ಅಕ್ಷ’ ಎಂದರೆ ಕಣ್ಣು, ‘ಸಾಕ್ಷಾತ್’ ಎಂದರೆ ಕಣ್ಣೆದುರಿಗೆ.

“ಹಂಗಾರ ಅದು ಮೊದಲಿಂದನೂ ಎದುರಿಗೇ ಇರ್ತೈತಿ ಅನ್ರಿ,” ಎಂದರು.

ತಲೆಯೆತ್ತಿದೆ. ಅವರ ಹಿಂದಿನ ಕಪಾಟಿನಲ್ಲಿ ಪ್ರತಿ ಕನ್ನಡ ಪುಸ್ತಕಕ್ಕೂ ಒಂದು ಚೀಟಿ ಅಂಟಿಸಿತ್ತು. ಪುಸ್ತಕದ ಹೆಸರನ್ನು ಅವರು ಉರ್ದು ಲಿಪಿಯಲ್ಲಿ ಬರೆದುಕೊಂಡಿದ್ದರು. ಎರಡು ವರ್ಷದಿಂದ ಆ ಚೀಟಿಗಳನ್ನು ನೋಡುತ್ತಲೇ ಇದ್ದೆ.

“ನಿಮಗೆ ಕನ್ನಡ ಓದಲಿಕ್ಕೆ...” ಎಂದು ತಡವರಿಸಿದೆ.

“ನಾ ಕಲ್ತದ್ದು ಉರ್ದು ಸಾಲಿಯೊಳಗ್ರಿ. ಕನ್ನಡ ಅವ್ವನ ಬಾಯಿಂದ ಬಂದದ್ದು ಅಷ್ಟ.” ನಿಘಂಟನ್ನು ನನ್ನತ್ತ ಸರಿಸಿದರು. “ಮುಂದಿನ ಶಬ್ದ ಓದ್ರಿ.”

ಅದು ‘ಸಾಕ್ಷಿ’. ಅಂದು ಮೊದಲ ಸಲ ನಾನು ಅವರಿಗಾಗಿ ಓದಿದೆ.