ಬಾಣಂತಿಗೆಂದು ಇಟ್ಟ ಹಳೇ ಜೋಳ

ತಾಯಿಯ ಎದೆಹಾಲಿನಷ್ಟು ಶುದ್ಧವಾದದ್ದು ಲೋಕದಲ್ಲಿ ಇನ್ನೊಂದಿಲ್ಲ ಎನ್ನುತ್ತಾರೆ. ರಾಯಚೂರಿನಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ ನಾನೂ ಹಾಗೆಂದೇ ವಾದಿಸಿ ಕಪ್ ಗೆದ್ದವಳು. ಶುದ್ಧ ಅಂದರೇನು, ತಾಯಿ ಉಂಡದ್ದು ಹಾಲಿಗೆ ಇಳಿಯುವುದಿಲ್ಲವೇ ಎಂದು ಎದುರಿನವರು ಕೇಳಲಿಲ್ಲ. ನಾನಾಗಿ ಕೇಳಿಕೊಳ್ಳಲೂ ಇಲ್ಲ.

ಅಕ್ಕ ದೇವದುರ್ಗದ ಗಂಡನ ಮನೆಯಿಂದ ಬಾಣಂತನಕ್ಕೆ ಮಾನ್ವಿಗೆ, ನಮ್ಮ ಮನೆಗೆ ಬಂದಿದ್ದಳು. ಬಾಣಂತಿಗೆ ಹೊಸ ಜೋಳ ಆಗಿಬರದು, ಹಳೆಯದೇ ಬೇಕೆಂಬುದು ಅವ್ವನ ಹಟ. ಹೋದ ವರ್ಷವೇ ಅದಕ್ಕೆಂದು ಒಂದು ಚೀಲ ಕಟ್ಟಿಟ್ಟಿದ್ದಳು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಕೂಸಿಗೆ ಒಂದೂವರೆ ತಿಂಗಳಾಗಿದ್ದಾಗ, ಅದೇ ಚೀಲದ ಜೋಳ ಹಸನು ಮಾಡಲು ಕುಳಿತೆ. ಒಂದು ಹುಳವೂ ಇಲ್ಲ. ಮೊರದಲ್ಲಿ ಬಿಳಿ ಪುಡಿ ಉಳಿಯಿತು.

“ಇದೇನಬೇ ಯವ್ವಾ?”

“ಹುಳ ಹತ್ತದಂಗ ಹಾಕಿದ ಪುಡಿ. ನೀನ ತಂದು ಕೊಟ್ಟಿದ್ಯಲ್ಲ ಅಂಗಡ್ಯಾಗಿಂದ. ಕೇರಿದ್ರ ಹೋಗ್ತದ ಬಿಡವಾ. ನಮ್ಮವ್ವನೂ ಬಾಣಂತಿ ಜೋಳ ಹಿಂಗ ಇಡ್ತಿದ್ಲು.”

ನಿಜ, ತಂದವಳು ನಾನೇ. ಕಂಡದ್ದಕ್ಕೆಲ್ಲ ಕೊಕ್ಕೆ ಹಾಕುವವಳು ಪೊಟ್ಟಣದ ಮೇಲಿನ ನಾಲ್ಕು ಅಕ್ಷರ ಓದಿರಲಿಲ್ಲ. ಗೋಡೆಯ ಗೂಡಿನಲ್ಲಿ ಮಡಚಿಟ್ಟಿದ್ದ ಅದನ್ನು ಈಗ ಬಿಚ್ಚಿ ಓದಿದೆ: ಬಿತ್ತುವ ಬೀಜಕ್ಕೆ ಮಾತ್ರ, ತಿನ್ನುವ ಕಾಳಿಗೆ ಬೆರೆಸಬಾರದು.

ಒಳಗೆ ಓಡಿದೆ. “ಹಾಲು ಕುಡಸಬ್ಯಾಡ!”

ಅಕ್ಕ ಬೆದರಿ ಕೂಸನ್ನು ಎದೆಯಿಂದ ಬಿಡಿಸಿಕೊಂಡಳು. ಬಸ್ಸಿನಲ್ಲಿ ರಾಯಚೂರು ಮುಟ್ಟುವವರೆಗೂ ಅದು ಚೀರಿತು. ಅಕ್ಕನ ಕುಪ್ಪಸ ಒದ್ದೆಯಾಗಿತ್ತು.

ಮಕ್ಕಳ ಡಾಕ್ಟರಮ್ಮ ಪೊಟ್ಟಣ ಓದಿ, ಕೂಸನ್ನು ತಪಾಸಣೆ ಮಾಡಿ ನನ್ನನ್ನೇ ಗದರಿದರು: “ಹಾಲು ನಿಲ್ಸಂತ ಯಾರ್ರೀ ಹೇಳಿದವ್ರು? ಜೋಳ ನಿಲ್ಸ್ರಿ. ಹಾಲು ಕುಡಸ್ರಿ.”

ಅಕ್ಕ ಅಲ್ಲೇ ಸೆರಗು ಮರೆಮಾಡಿ ಕುಡಿಸತೊಡಗಿದಳು. “ಕಪ್ ಗೆದ್ದಾಕಿ, ಇನ್ನರ ಬಾಯಿ ಮುಚ್ಚು” ಎಂದಳು, ನನ್ನತ್ತ ನೋಡದೆ.

ಮುಚ್ಚಲಾಗಲಿಲ್ಲ. “ಇಲ್ಲಿತನಕ ಕೂಸಿನ ಹೊಟ್ಟಿಗೆ ಎಷ್ಟು ಹೋಗಿರ್ತದ್ರಿ ಮೇಡಂ?”

“ಅದನ್ನ ಇಲ್ಲಿ ಅಳೆಯಾಕ ಆಗಂಗಿಲ್ಲವಾ. ತೂಕ ಛಲೋ ಅದ. ತಿಂಗಳಿಗೊಮ್ಮಿ ತಂದು ತೋರಸ್ರಿ.”

ಊರಿಗೆ ಮರಳಿದಾಗ ಅವ್ವ ಚೀಲವನ್ನು ಅಂಗಳಕ್ಕೆ ಎಳೆದು ತಂದು ಅದರ ಪಕ್ಕ ಕುಳಿತಿದ್ದಳು. ಕೋಳಿಗೆ ಹಾಕುವಂತಿಲ್ಲ, ಚೆಲ್ಲಲು ಕೈ ಬಾರದು. ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿದೆ. ಕೂಸು ಅಕ್ಕನ ಹೆಗಲ ಮೇಲೆ, ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ಅದನ್ನೇ ನೋಡುತ್ತ ಕೇಳಿದೆ:

“ಯವ್ವಾ, ನಮ್ಮಿಬ್ರನ್ನ ಹಡೆದಾಗ ನಿಮ್ಮವ್ವ ನಿನಗಿಟ್ಟ ಜೋಳಕ್ಕೂ ಇಂಥಾ ಪುಡಿನ ಹಾಕಿದ್ಲೇನು?”