ಬಿಂದಿಗೆ ಹೊತ್ತ ಗೊಂಬೆಯ ಮುರಿದ ಕಾಲು

೧೯೬೨ರಲ್ಲಿ ನಾನು ಮೈಸೂರಿನ ಒಂದು ಸಣ್ಣ ಸ್ಟುಡಿಯೋದ ಅನಿಮೇಷನ್ ವಿಭಾಗದಲ್ಲಿ ತರಬೇತಿ ವಿದ್ಯಾರ್ಥಿನಿ. ಯಾದವಗಿರಿಯಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಹಳ್ಳಿಗಳಲ್ಲಿ ತೋರಿಸಲೆಂದು ಕುಡಿಯುವ ನೀರಿನ ಶುಚಿಯ ಬಗ್ಗೆ ಕಿರುಚಿತ್ರವೊಂದು ತಯಾರಾಗುತ್ತಿತ್ತು. ನಟರ ಬದಲು ಗೊಂಬೆಗಳು. ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫ್ರೇಮ್ ತೆಗೆಯುವುದು, ಮತ್ತೆ ಕದಲಿಸಿ ಇನ್ನೊಂದು, ಇದೇ ಸ್ಟಾಪ್‌ಮೋಷನ್. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್.

ನನಗೆ ಗೊಂಬೆ ಮಾಡಲು ಕಲಿಸಿದವರು ಫಿಲೋಮಿನಮ್ಮ. ಚರ್ಚುಗಳ ಪ್ರತಿಮೆಗಳಿಗೆ ಮುರಿದ ಬೆರಳು, ಮೂಗು ಕೂರಿಸಿಕೊಡುವುದು ಅವರ ಮನೆತನದ ಕಸುಬು. “ಮೊದ್ಲು ಮೂಳೆ, ಆಮೇಲೆ ಸೀರೆ ಕಣಮ್ಮ,” ಎನ್ನುತ್ತ ಗೊಂಬೆಯ ಒಳಮೂಳೆಗೆಂದು ನನ್ನ ಕೈಯಲ್ಲಿ ಅಲ್ಯುಮಿನಿಯಂ ತಂತಿಯನ್ನು ಜೋಡಿಯಾಗಿ ಹೊಸೆಸುತ್ತಿದ್ದರು. ಒಂದೇ ಜಾಗದಲ್ಲಿ ಪದೇ ಪದೇ ಬಗ್ಗಿಸಿದರೆ ತಂತಿ ಮುರಿಯುತ್ತದೆಂದು ಎಚ್ಚರಿಸಿಯೂ ಇದ್ದರು.

ಬಿಂದಿಗೆ ಹೊತ್ತ ಹೆಂಗಸು ನಡೆದುಬರುವ ದೃಶ್ಯವನ್ನು ಮೂರು ದಿನಗಳಿಂದ ತೆಗೆಯುತ್ತಿದ್ದೆವು. ಕ್ಯಾಮೆರಾಮನ್ ಕಾಳೇಗೌಡರು ಊಟಕ್ಕೆ ಹೋದಾಗ ಹೆಜ್ಜೆ ಸರಿಯಿಲ್ಲವೆಂದು ಗೊಂಬೆಯ ಪಾದವನ್ನು ನಾನೊಬ್ಬಳೇ ತಿದ್ದತೊಡಗಿದೆ. ನಾಲ್ಕೈದು ಸಲ ಬಗ್ಗಿಸಿದ್ದೇ ತಡ, ತಂತಿ ಒಳಗೇ ತುಂಡಾಯಿತು. ಹೆದರಿ ಮೇಣದಿಂದ ಅಂಟಿಸಿಬಿಟ್ಟೆ. ಮಧ್ಯಾಹ್ನ ನಲವತ್ತು ಫ್ರೇಮ್ ತೆಗೆದೆವು. ದೀಪಗಳ ಕಾವಿಗೆ ಮೇಣ ಮೆತ್ತಗಾಗಿ ಗೊಂಬೆ ವಾಲುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತು. ಫಿಲ್ಮ್ ಮದರಾಸಿನಲ್ಲಿ ಸಂಸ್ಕರಣೆಯಾಗಿ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಕೆಲಸ ಹೋಯಿತೆಂದೇ ತಿಳಿದಿದ್ದೆ.

ಕಾಳೇಗೌಡರು ಗೊಂಬೆಯ ಪಾದವನ್ನು ಮೆಲ್ಲಗೆ ಅಲುಗಿಸಿ ನೋಡಿದರು. “ಇವತ್ತೇ ಹೇಳ್ಬುಟ್ಟೆ, ಒಳ್ಳೇದಾಯ್ತು. ಆ ನಲವತ್ತು ಹೋಗ್ಲಿ. ಆದ್ರೆ ಅದೇ ಭಂಗಿ ಮತ್ತೆ ಹೊಂದ್ಸೋದು ಎಂಗೆ?”

ಫಿಲೋಮಿನಮ್ಮ ಪಾದ ಬಿಡಿಸಿ ಹೊಸ ತಂತಿ ಹಾಕುತ್ತಲೇ ಅಂದರು: “ನೀರು ಹೊತ್ತೋರು ದಾರೀಲಿ ನಿಂತ್ಕೊಳಲ್ವಾ ಗೌಡ್ರೇ? ಅವ್ಳೂ ನಿಂತ್ಕೊಳ್ಲಿ. ಮುಖ ಮಾತ್ರ ತೋರ್ಸಿ, ಬೆವ್ರು ಒರೆಸ್ಕೊಳ್ಲಿ. ಆಮೇಲೆ ಕಾಲು ಒಸಿ ಬೇರೆ ಥರ ಇದ್ರೂ ಯಾರ್ಗೂ ಗೊತ್ತಾಗಲ್ಲ.”

ಕ್ಯಾಮೆರಾ ಹತ್ತಿರಕ್ಕೆ ಬಂತು. ಗೊಂಬೆ ಸೆರಗೆತ್ತಿ ಹಣೆ ಒರೆಸಿಕೊಂಡಿತು. ಆ ಎರಡು ಸೆಕೆಂಡಿಗೆ ಗೊಂಬೆಯನ್ನು ಕದಲಿಸಿದ್ದು ನಾನೇ. ನನ್ನ ಕೈಗೇ ಬಿಟ್ಟರು.

ತಿಂಗಳುಗಳ ನಂತರ ಹತ್ತಿರದ ಹಳ್ಳಿಯೊಂದರ ಪ್ರದರ್ಶನಕ್ಕೆ ಮೂವರೂ ಹೋಗಿದ್ದೆವು. ಆ ದೃಶ್ಯ ಬಂದಾಗ ಚಾಪೆಯ ಮೇಲಿದ್ದ ಅಜ್ಜಿಯೊಬ್ಬರು, “ಅಯ್ಯೋ, ಬಿಂದಿಗೆ ಒಸಿ ಇಳುಕ್ಬಾರ್ದಾ ತಾಯಿ!” ಎಂದು ಗೊಂಬೆಗೇ ಹೇಳಿದರು. ಫಿಲೋಮಿನಮ್ಮ ನನ್ನ ಕೈ ಅದುಮಿದರು.

ತಪ್ಪನ್ನು ಬೇಗ ಹೇಳಿದಷ್ಟೂ ತಿದ್ದುವ ದಾರಿಗಳು ಹೆಚ್ಚು ಉಳಿದಿರುತ್ತವೆ. ಆದರೆ ಹೇಳುವವರಿಗೆ ಕೇಳುವವರೂ ಸಿಗಬೇಕು. ನನಗೆ ಸಿಕ್ಕಿದ್ದರು. ಮುಂದೆ ನನ್ನಲ್ಲಿ ಕಲಿತವರು ಏನನ್ನಾದರೂ ಮುರಿದುಕೊಂಡು ಬಂದಾಗ, ಮೊದಲು ಅವರನ್ನು ಕೂರಿಸಿ, ಆಮೇಲೆ ಏನಾಯಿತೆಂದು ಕೇಳುತ್ತಿದ್ದೆ.